ಕೆಳಸಾಲಿನ ಹಲ್ಲು

"ಇನ್ನೊಮ್ಮಿ ಕಡೀರಿ ಅಮ್ಮಾರ, ನಾ ನೋಡ್ತೀನಿ," ಎಂದರು ಹಲ್ಲಿನ ಡಾಕ್ಟರ್ ಸಲಾವುದ್ದೀನ.

ಮುದುಕವ್ವ ಆ ಉದ್ದನೆಯ ಖುರ್ಚಿಯಲ್ಲಿ ಒರಗಿಕೊಂಡೇ ಸೆರಗಿನ ಗಂಟು ಬಿಚ್ಚಿ, ಮನೆಯಿಂದ ಕಟ್ಟಿಕೊಂಡು ಬಂದಿದ್ದ ಖಡಕ್ ರೊಟ್ಟಿಯ ಚೂರೊಂದನ್ನು ತೆಗೆದು ಬಾಯಿಗಿಟ್ಟಳು. ಕಟಂ ಎಂದಿತು. ರೋಣದ ಬಸ್‌ಸ್ಟ್ಯಾಂಡಿನ ಹತ್ತಿರದ ಆ ಸಣ್ಣ ದವಾಖಾನೆಯಲ್ಲಿ ಸರದಿ ಕಾಯುತ್ತ ಕುಳಿತಿದ್ದ ನಾಲ್ಕಾರು ಮಂದಿ ತಮ್ಮ ತಮ್ಮ ಗಲ್ಲ ಹಿಡಿದುಕೊಂಡೇ ಇತ್ತ ತಿರುಗಿ ನೋಡಿದರು.

ಡಾಕ್ಟರು ನಕ್ಕುಬಿಟ್ಟರು. ಹಲ್ಲು ಕೂರಿಸಿ ಆರು ತಿಂಗಳಾದ ಮೇಲೆ ಕೇಳಬೇಕಾದ ಮಾತು ಕೆಲವು ಇದ್ದವು, ಅವನ್ನು ಒಂದೊಂದಾಗಿ ಕೇಳಿದರು. ಊಟಕ್ಕೆ ಹೇಗಿದೆ, ಎಲ್ಲಾದರೂ ಚುಚ್ಚುತ್ತದೆಯೇ, ಮಾತಾಡುವಾಗ ಅಲುಗುತ್ತದೆಯೇ, ನಾಲ್ಕು ಮಂದಿಯ ನಡುವೆ ಕುಳಿತಾಗ ಸಂಕೋಚವಾಗುತ್ತದೆಯೇ.

"ಹತ್ತಕ್ಕ ಎಷ್ಟು ಕೊಡ್ತೀರಿ ಅಮ್ಮಾರ?"

"ಹತ್ತು ಪಿತ್ತು ನನಗ ತಿಳೀದಿಲ್ಲಪ್ಪ. ಹದಿನಾರಾಣೆ ಆಗೈತಿ," ಎಂದಳು ಮುದುಕವ್ವ. "ಹುಟ್ಟಿದಾಗ ದೇವರು ಕೊಟ್ಟ ಹಲ್ಲೂ ಹಿಂಗ ಕುಂತಿರಲಿಲ್ಲ."

"ಮಾತು ಸ್ಪಷ್ಟ ಆಗ್ಯಾವೇನ್ರಿ?" ಎಂದು ಡಾಕ್ಟರು ಪಕ್ಕದಲ್ಲಿ ನಿಂತಿದ್ದ ಸೊಸೆಯನ್ನು ಕೇಳಿದರು.

"ಭಾಳ ಸ್ಪಷ್ಟ ಆಗ್ಯಾವ್ರಿ," ಎಂದು ನಿರ್ಮಲಾ ನಕ್ಕಳು. ಈ ಹಲ್ಲಿಗಾಗಿ ಗಂಡನ ಬೆನ್ನು ಬಿದ್ದವಳು ಅವಳೇ. ಅತ್ತೆಯ ಬಾಯಿಂದ ಬಂದ ಆ ಹದಿನಾರಾಣೆಯಲ್ಲಿ ತನ್ನದೂ ನಾಲ್ಕಾಣೆ ಇದೆ ಎಂದು ಅವಳಿಗೆ ಹೆಮ್ಮೆಯಾಗಿತ್ತು. ಆ ಹೊತ್ತಿನ ತನ್ನ ನಗುವನ್ನು ನೆನೆಸಿಕೊಂಡರೆ ಈಗ ಅವಳಿಗೆ ತನ್ನ ಗಲ್ಲಕ್ಕೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಮುದುಕವ್ವನ ಬಾಯಿ ಎಂಥದೆಂದು ಓಣಿಗೆ ಗೊತ್ತಿಲ್ಲದ್ದೇನಲ್ಲ. ತೊಟ್ಟಿಲಲ್ಲಿದ್ದಾಗಲೇ ಮುದುಕವ್ವ ಎಂದು ಹೆಸರಿಡಿಸಿಕೊಂಡವಳು, ಆ ಹೆಸರಿಗೆ ತಕ್ಕಂತೆ ಹುಟ್ಟಿದಾಗಿನಿಂದಲೂ ಎಲ್ಲರಿಗೂ ಬುದ್ಧಿ ಹೇಳುತ್ತಲೇ ಬಂದಿದ್ದಳು. ಕಡಲೆ ಕಾಳಿನ ಅಡತಿ ಅಂಗಡಿಯ ಸಾಹುಕಾರನ ಹೆಂಡತಿ, ಆಮೇಲೆ ಅದೇ ಅಂಗಡಿಯ ಸಾಹುಕಾರನ ತಾಯಿ. ಮನೆಯ ಮುಂದಿನ ಕಟ್ಟೆಯ ಮೇಲೆ ಎಲೆ ಅಡಿಕೆಯ ತಟ್ಟೆ ಇಟ್ಟುಕೊಂಡು ಕುಳಿತರೆ ಮಧ್ಯಾಹ್ನದ ಓಣಿ ಅಲ್ಲಿಗೇ ಬಂದು ಸೇರುತ್ತಿತ್ತು. ಹೊಸದಾಗಿ ಬಂದ ಸೊಸೆ ನಿರ್ಮಲಾಳನ್ನು ಆ ಬಾಯಿ ಮೊದಲಿನ ಏಳೆಂಟು ವರ್ಷ ಅರೆದು ಕುಡಿದಿತ್ತು.

ಆಮೇಲೆ ಹಲ್ಲು ಹೋದವು. ಗದಗಿನಲ್ಲಿ ಎರಡೂ ಸಾಲು ಕಟ್ಟಿಸಿಕೊಂಡು ಬಂದದ್ದಾಯಿತು. ಮೇಲಿನ ಸಾಲು ಅಂಟಿಸಿದ ಹಾಗೆ ಕುಳಿತಿತು. ಕೆಳಗಿನದು ಮಾತ್ರ ಬಾಯಲ್ಲಿ ಕಪ್ಪೆಯಂತೆ ಕುಣಿಯುತ್ತಿತ್ತು. ದವಡೆಯ ಎಲುಬು ಸವೆದು ಹೋಗಿದೆ, ಹಿಡಿತ ಸಿಗುವುದಿಲ್ಲ ಎಂದರು. ಒಂದು ದಿನ ಕಾಯಿಪಲ್ಲೆ ಮಾರುವವಳ ಜೊತೆ ಬದನೆಕಾಯಿಯ ಹುಳುಕಿನ ಬಗ್ಗೆ ಜಗಳಕ್ಕೆ ನಿಂತಾಗ, ಮಾತು ಏರಿದ ಹಾಗೆ ಹಲ್ಲೂ ಏರಿ, ಬಾಯಿಂದ ಹಾರಿ ಅವಳ ಬುಟ್ಟಿಯಲ್ಲೇ ಬಿತ್ತು. ಆ ಹೆಂಗಸು ಅದನ್ನು ನೀರಿನಲ್ಲಿ ತೊಳೆದು, ಎರಡು ಬದನೆಕಾಯಿಯ ಜೊತೆಗೆ ತಿರುಗಿ ಕೊಟ್ಟಳು. ಓಣಿ ಎಂಟು ದಿನ ನಕ್ಕಿತು. ಮುದುಕವ್ವ ಕೆಳಗಿನ ಸಾಲನ್ನು ಸ್ಟೀಲಿನ ಡಬ್ಬಿಗೆ ಹಾಕಿ ಮುಚ್ಚಿದವಳು ಮತ್ತೆ ಕಟ್ಟೆಗೆ ಹೋಗಲಿಲ್ಲ. ಮಾತಾಡಿದರೂ ಸೆರಗು ಬಾಯಿಗೆ ಹಿಡಿದು, ಒಳಗೊಳಗೇ ನುಂಗಿದಂತೆ ಆಡುತ್ತಿದ್ದಳು. ಮಗ ಅನಿಲಕುಮಾರ ಎರಡು ಸಲ "ಏನಂದಿ ಯವ್ವಾ?" ಎಂದು ಕೇಳಿ ಮೂರನೆಯ ಸಲ ಫೋನು ನೋಡತೊಡಗುತ್ತಿದ್ದ. ಆ ಮಾತು ಪೂರ್ತಿ ತಿಳಿಯುತ್ತಿದ್ದದ್ದು ನಿರ್ಮಲಾಳಿಗೆ ಮಾತ್ರ.

ನುಚ್ಚು, ಅಂಬಲಿ, ಸಾರಿನಲ್ಲಿ ನೆನೆಸಿ ಹಿಚುಕಿದ ರೊಟ್ಟಿ. ಮೂರು ವರ್ಷ ನಿರ್ಮಲಾ ಅತ್ತೆಗೆ ಕೂಸಿಗೆ ಉಣಿಸಿದ ಹಾಗೆ ಉಣಿಸಿದಳು. ಕಡಲೆಯ ವ್ಯಾಪಾರದ ಮನೆಯಲ್ಲಿ ಕುಳಿತು ಕಡಲೆಗೆ ಬಾಯಿ ಬಿಡುವ ಪಾಡು ಆ ಮುದುಕಿಯದು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂದು ಗಾದೆ ಕಟ್ಟಿದವನು ಈ ಮನೆಯನ್ನು ನೋಡಿಯೇ ಕಟ್ಟಿದ್ದಾನು. ಆದರೆ ನಿರ್ಮಲಾಳ ಪಾಲಿಗೆ ಅವು ಒಳ್ಳೆಯ ವರ್ಷಗಳು. ಮಗಳು ಅನ್ನಪೂರ್ಣೇಶ್ವರಿ, ಮನೆಯವರ ಬಾಯಲ್ಲಿ ಪೂರ್ಣಿ, ಶಾಲೆಗೆ, ಗಂಡ ಅಂಗಡಿಗೆ ಹೋದ ಮೇಲೆ ಅತ್ತೆ ಸೊಸೆ ಇಬ್ಬರೇ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತುಕೊಳ್ಳುತ್ತಿದ್ದರು. ಹೀಗೆ ಕುಳಿತಾಗಲೇ ಒಂದು ದಿನ ಆ ಮಾತು ಹೊರಗೆ ಬಿದ್ದದ್ದು.

ನಿರ್ಮಲಾ ಹೊಳೆಮಣ್ಣೂರಿಗೆ ಹೋಗಿ ಬಂದಿದ್ದಳು. ಗಂಡು ಸಂತಾನಕ್ಕಾಗಿ ಅನಿಲಕುಮಾರ ಹರಕೆ ಹೊತ್ತಿದ್ದ. ಹೊಳೆಯಲ್ಲಿ ಮಿಂದು, ಒದ್ದೆ ಸೀರೆಯಲ್ಲಿ ಗುಡಿಯ ತನಕ ಹೆಜ್ಜೆ ಹೆಜ್ಜೆಗೂ ನೆಲಕ್ಕೆ ಮೈಚಾಚಿ ದೀಡ ನಮಸ್ಕಾರ ಹಾಕಿ ಬಂದ ಸೊಸೆಯ ಮೊಣಕಾಲು ತರಚಿ ಹೋಗಿದ್ದವು. ಅತ್ತೆ ಎಣ್ಣೆಯಲ್ಲಿ ಅರಿಷಿಣ ಕಲಸಿ ಹಚ್ಚುತ್ತಿದ್ದಳು. ಆ ಸೊಟ್ಟ ಬೆರಳು ಮೆಲ್ಲಗೆ ಗಾಯದ ಮೇಲೆ ಆಡುತ್ತಿದ್ದಂತೆ ನಿರ್ಮಲಾಳ ಕಟ್ಟೆ ಒಡೆಯಿತು.

"ನನಗ ಇನ್ನ ಮಕ್ಕಳ ಆಗೂದಿಲ್ರಿ ಅತ್ಯಾರ. ನಾನ ಆಪರೇಶನ್ ಮಾಡಿಸ್ಕೊಂಡೀನಿ."

ಪೂರ್ಣಿಯನ್ನು ಹಡೆಯಲು ನರಗುಂದದ ತವರಿಗೆ ಹೋದಾಗಿನ ಮಾತು ಅದು. ಅದಕ್ಕೆ ಮುಂಚೆ ಎರಡು ಹೊಟ್ಟೆಯಲ್ಲೇ ಹೋಗಿದ್ದವು. ಈ ಸಲ ಕೂಸು ಉಳಿಯಿತು, ತಾಯಿಯ ಮೈಯ ರಕ್ತವೆಲ್ಲ ಹರಿದು ಹೋಯಿತು. ಇನ್ನೊಂದಕ್ಕೆ ಹೋದರೆ ಈಕೆ ಉಳಿಯುವುದಿಲ್ಲ ಎಂದು ಡಾಕ್ಟರಮ್ಮ ಖಡಾಖಂಡಿತ ಹೇಳಿದ್ದರು. ನಿರ್ಮಲಾಳ ತಾಯಿ ಅಲ್ಲಿಯೇ ಹೂಂ ಅಂದಳು. ಹೆಣ್ಣಾಯಿತೆಂದು ಮೊದಲೇ ಮುಖ ಗಂಟಿಕ್ಕಿಕೊಂಡು ಹೋದ ಅಳಿಯನಿಗೆ ಈಗಲೇ ಹೇಳುವುದು ಬೇಡ, ನಿಧಾನಕ್ಕೆ ಹೇಳಿದರಾಯಿತು ಅಂದಳು. ಆ ನಿಧಾನ ಬರುವುದರೊಳಗೆ ತಾಯಿ ತೀರಿಕೊಂಡಳು. ಒಂದು ವರ್ಷ ಹೇಳದ್ದನ್ನು ಎರಡನೆಯ ವರ್ಷ ಹೇಳುವುದು ಇನ್ನೂ ಕಷ್ಟ. ಮುಚ್ಚಿದ ಬಾಗಿಲ ಮುಂದೆ ನಿರ್ಮಲಾ ವರ್ಷ ವರ್ಷವೂ ಕಾಯಿ ಒಡೆದಳು, ತಾಯತ ಕಟ್ಟಿಕೊಂಡಳು, ಉಪವಾಸ ಮಾಡಿದಳು.

ಎಲ್ಲ ಕೇಳಿ ಮುದುಕವ್ವ ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಇನ್ನು ತನ್ನ ಕಥೆ ಮುಗಿಯಿತು ಎಂದೇ ನಿರ್ಮಲಾ ತಿಳಿದಳು. ಮುದುಕಿ ಅರಿಷಿಣದ ಕೈಯನ್ನು ಸೊಸೆಯ ತಲೆಯ ಮೇಲಿಟ್ಟಳು.

"ಚಲೋ ಮಾಡೀದಿ," ಎಂದಳು. ಕೆಳಹಲ್ಲಿಲ್ಲದ ಬಾಯಲ್ಲಿ ಆ ಮಾತು ಮೆತ್ತಗೆ, ಹಾಲಿನಲ್ಲಿ ನೆನೆದ ಹಾಗೆ ಬಂತು. "ನನ್ನ ಕಾಲಕ್ಕ ಇಂಥಾದ್ದು ಇದ್ದಿದ್ರ ನಾನೂ ಮಾಡಿಸ್ಕೋತಿದ್ದೆ. ಏಳು ಹಡದೆ. ಎರಡು ಉಳದ್ವು. ಯಾರಿಗೂ ಹೇಳಬ್ಯಾಡ. ನನ್ನ ಹೊಟ್ಯಾಗ ಇರ್ತೈತಿ ಇದು."

ತನ್ನನ್ನು ಹಡೆದವಳು ಸತ್ತ ಮೇಲೆ ನಿರ್ಮಲಾ ಇನ್ನೊಬ್ಬಳನ್ನು ತಾಯಿ ಎಂದು ಮೊದಲ ಸಲ ಅಂದುಕೊಂಡದ್ದು ಆ ದಿನ. ಆ ಪ್ರೀತಿಯಿಂದಲೇ ಅವಳು ಸಲಾವುದ್ದೀನ ಡಾಕ್ಟರ ದವಾಖಾನೆಯ ಗೋಡೆಯ ಮೇಲಿನ ಚಿತ್ರ ನೋಡಿ ಒಳಗೆ ಹೋಗಿ ಕೇಳಿದ್ದು. ಕೆಳದವಡೆಯ ಎಲುಬಿನಲ್ಲಿ ಎರಡು ಸಣ್ಣ ತಿರುಪು ಕೂರಿಸುತ್ತಾರೆ, ಎಲುಬು ಅವನ್ನು ಗಟ್ಟಿಯಾಗಿ ಹಿಡಿದ ಮೇಲೆ ಹಲ್ಲಿನ ಸೆಟ್ಟನ್ನು ಆ ತಿರುಪಿನ ಗುಂಡುತಲೆಗೆ ಕುಪ್ಪಸದ ಗುಂಡಿ ಒತ್ತಿದ ಹಾಗೆ ಒತ್ತಿ ಕೂರಿಸುತ್ತಾರೆ ಎಂದು ಅವರು ತಿಳಿಸಿ ಹೇಳಿದರು. ಈ ವಯಸ್ಸಿನಲ್ಲಿ ಇದೆಲ್ಲ ಬೇಕೇ ಎಂದು ಅನಿಲಕುಮಾರ ಗೊಣಗಿದ. ನಿರ್ಮಲಾ ಬಿಡಲಿಲ್ಲ. "ಮುಪ್ಪಿನ ಕಾಲಕ್ಕ ಒಂದು ರೊಟ್ಟಿ ಕಡದು ತಿನ್ನೂ ಆಸೆ ಅವರಿಗೆ ಇರೂದಿಲ್ಲೇನ್ರಿ?" ಎಂದು ದಿನಾ ಊಟಕ್ಕೆ ಕುಳಿತಾಗ ಕೇಳಿ ಕೇಳಿ ಒಪ್ಪಿಸಿದಳು.

ಒಂದು ತೊಡಕಿತ್ತು. ವಾಯುವಿನಿಂದ ಮುದುಕವ್ವನ ಬೆರಳ ಗೆಣ್ಣು ಸೊಟ್ಟಗಾಗಿದ್ದವು. ಸೆಟ್ಟನ್ನು ಒತ್ತಲೂ ಆಗದು, ಕೀಳಲೂ ಆಗದು. ಅದನ್ನು ಡಾಕ್ಟರು ನಿರ್ಮಲಾಳಿಗೇ ಕಲಿಸಿದರು. ಎರಡೂ ಹೆಬ್ಬೆರಳನ್ನು ಎಡಬಲದ ಹಲ್ಲಿನ ಮೇಲಿಟ್ಟು ಸಮವಾಗಿ ಒತ್ತಬೇಕು, ಟಕ್ ಎಂದು ಸದ್ದಾಗಬೇಕು. ರಾತ್ರಿ ಎರಡೂ ಬದಿಯಿಂದ ಉಗುರು ಕೊಟ್ಟು ಎತ್ತಬೇಕು, ತೊಳೆದು ನೀರಲ್ಲಿಡಬೇಕು. ಹೀಗೆ ದಿನಾ ಬೆಳಿಗ್ಗೆ ಸ್ನಾನ ಪೂಜೆ ಆದ ಮೇಲೆ ಮುದುಕವ್ವ ಬಾಯಿ ತೆರೆಯುವುದು, ನಿರ್ಮಲಾ ಟಕ್ ಎನ್ನಿಸುವುದು ಮನೆಯ ಪದ್ಧತಿಯಾಯಿತು. ಸದ್ದಾದ ಕೂಡಲೇ ಮುದುಕಿಯ ಮುಖವೇ ಬೇರೆಯಾಗುತ್ತಿತ್ತು. ಗಲ್ಲ ತುಂಬಿಕೊಳ್ಳುತ್ತಿತ್ತು, ಗದ್ದ ಮುಂದೆ ಬರುತ್ತಿತ್ತು. ಡಾಕ್ಟರಿಗೆ ಹದಿನಾರಾಣೆ ಎಂದು ಹೇಳಿ ಬಂದ ಮರುದಿನದಿಂದಲೇ ಅವಳು ಎಲೆ ಅಡಿಕೆಯ ತಟ್ಟೆ ಹಿಡಿದು ಕಟ್ಟೆಗೆ ಹೋದಳು.

ಆದರೆ ಮೂರು ವರ್ಷದಲ್ಲಿ ಕಟ್ಟೆ ಬದಲಾಗಿತ್ತು. ಈಗ ಅಲ್ಲಿ ಎದುರುಮನೆಯ ವೀರವ್ವನ ಮಾತು ನಡೆಯುತ್ತಿತ್ತು. ವೀರವ್ವ ಫೋನಿನಲ್ಲಿ ಬಂದ ಸುದ್ದಿಯನ್ನೂ ಹೇಳುತ್ತಿದ್ದಳು, ಬರದ ಸುದ್ದಿಯನ್ನೂ ಹೇಳುತ್ತಿದ್ದಳು. ಮುದುಕವ್ವ ತನ್ನ ಹಳೆಯ ಕಥೆ ತೆಗೆದರೆ ಹೆಂಗಸರು ಹೂಂ ಹೂಂ ಅಂದು, ಕಣ್ಣನ್ನು ವೀರವ್ವನ ಕಡೆಗೇ ಇಡುತ್ತಿದ್ದರು. ಇಷ್ಟು ಕಷ್ಟಪಟ್ಟು ಬಾಯಿ ತಿರುಗಿ ಪಡೆದವಳಿಗೆ ಕೇಳುವ ಕಿವಿಯೇ ಇಲ್ಲವಾಗಿತ್ತು.

ಪಂಚಮಿ ಬಂತು. ನಿರ್ಮಲಾ ಶೇಂಗಾದ ಉಂಡಿ, ಎಳ್ಳಿನ ಉಂಡಿ, ಗುಳ್ಳಡಕಿ ಉಂಡಿ ಕಟ್ಟಿದಳು. ಬೆಲ್ಲದ ಪಾಕ ಒಂದೆಳೆ ಹೆಚ್ಚೇ ಏರಿ ಉಂಡಿ ಕಲ್ಲಾಗಿದ್ದವು. ಕಟ್ಟೆಯ ಮೇಲೆ ಓಣಿಯ ಹೆಂಗಸರೆಲ್ಲ ಸೇರಿದ್ದರು. ಗ್ಯಾನಪ್ಪನ ಹೆಂಡತಿ, ಲಾಡಸಾಬನ ತಾಯಿ, ನಡುವೆ ವೀರವ್ವ. ಎಲ್ಲರೂ ಉಂಡಿಯನ್ನು ಸೀರೆಯ ಅಂಚಿನಲ್ಲಿಟ್ಟು ಕುಟ್ಟಿ ತಿನ್ನುತ್ತಿದ್ದರೆ ಮುದುಕವ್ವ ಇಡಿಯಾಗಿ ಕಡಿದು ತೋರಿಸಿದಳು. ಎಲ್ಲರೂ ಅಬ್ಬಬ್ಬಾ ಅಂದರು. ಆ ಅಬ್ಬಬ್ಬಾ ಮುಗಿಯುವುದರೊಳಗೆ ವೀರವ್ವ ನರೇಗಲ್ಲಿನ ಯಾವಳೋ ಸೊಸೆ ಗಂಡನ ಕಣ್ಣಿಗೆ ಮಣ್ಣೆರಚಿದ ಕಥೆ ತೆಗೆದಳು. ಹೆಂಗಸರ ತಲೆಗಳೆಲ್ಲ ಆ ಕಡೆ ತಿರುಗಿದವು.

"ಅದೇನ ಮಹಾ ಬಿಡ," ಎಂದಳು ಮುದುಕವ್ವ. "ನಮ್ಮನಿ ಕಥಿ ಕೇಳ್ರಿ."

ನಿರ್ಮಲಾ ಅಡಿಗೆಮನೆಯಲ್ಲಿ ತಟ್ಟೆಗೆ ಇನ್ನಷ್ಟು ಉಂಡಿ ಜೋಡಿಸುತ್ತಿದ್ದಳು. ಅಲ್ಲಿಗೂ ಕಟ್ಟೆಗೂ ನಡುವೆ ಪಡಸಾಲೆಯಿತ್ತು, ತಲಬಾಗಿಲಿತ್ತು. ಮೂರು ವರ್ಷ ಪಕ್ಕದಲ್ಲಿದ್ದವರಿಗೂ ಕೇಳದ ಬಾಯಿ ಈಗ ಅಷ್ಟನ್ನೂ ದಾಟಿ ಕೇಳಿಸುತ್ತಿತ್ತು. ಡಾಕ್ಟರ ಕೆಲಸ ಅಷ್ಟು ಚೊಕ್ಕವಾಗಿತ್ತು.

"ನನಗೂ ಗೊತ್ತಿರಲಿಲ್ಲವ್ವ. ಮನ್ನಿ ಮನ್ನಿ ತಿಳೀತು. ನರಗುಂದದಾಗ ಹಡ್ಯಾಕ ಹೋದಾಕಿ ಅಲ್ಲೇ ಆಪರೇಶನ್ ಮಾಡಿಸ್ಕೊಂಡು ಬಂದಾಳ. ಗಂಡಗ ಇಲ್ಲ, ಅತ್ತಿಗಿಲ್ಲ. ನನ್ನ ಮಗ ಊರೂರು ದೇವರಿಗೆ ಕಾಯಿ ಒಡಕೋತ ತಿರಿಗ್ಯಾನ, ಮಳ್ಳ!"

ವೀರವ್ವ ಕೂಡ ಕೈಯಲ್ಲಿದ್ದ ಉಂಡಿ ಕೆಳಗಿಟ್ಟಳು. ಬಳಿಕ ಎಲ್ಲರೂ ಒಮ್ಮೆಲೇ ಮುದುಕವ್ವನ ಕಡೆಗೆ ಸರಿದು, "ಹ್ಯಾಂಗ? ಯಾವಾಗ? ಯಾರು ಹೇಳಿದ್ರು?" ಎಂದು ಕೇಳತೊಡಗಿದರು. ಮುದುಕವ್ವ ಸೊಸೆಯನ್ನು ದ್ವೇಷಿಸಿ ಹೇಳಿದಳೆಂದು ಯಾರಾದರೂ ಅಂದರೆ ಅದು ಸುಳ್ಳು. ಅವಳಿಗೆ ಆ ತಲೆಗಳು ತನ್ನ ಕಡೆ ತಿರುಗಬೇಕಾಗಿತ್ತು, ಅಷ್ಟೇ. ಅದಕ್ಕೆ ಕೈಗೆ ಸಿಕ್ಕದ್ದು ಸೊಸೆಯ ಬಾಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಂಜೆಯೊಳಗೆ ಅದು ಅಡತಿ ಅಂಗಡಿಗೆ ಹೋಗಿ ಮುಟ್ಟಿತು. ಅನಿಲಕುಮಾರ ಮನೆಗೆ ಬಂದವನು ಕಾಲು ತೊಳೆಯಲಿಲ್ಲ.

"ಖರೇ ಏನು?"

ನಿರ್ಮಲಾ ಎಲ್ಲವನ್ನೂ ಹೇಳಿದಳು. ಹರಿದ ರಕ್ತ, ಡಾಕ್ಟರಮ್ಮನ ಮಾತು, ಸತ್ತ ತಾಯಿಯ ಮಾತು.

"ನನಗ ಹೇಳಿದ್ರ ನಾ ಏನು ನಿನ್ನ ಸಾಯಿ ಅಂತಿದ್ನೇನ?" ಎಂದ ಅವನು. ಅವನ ದನಿ ಏರಲಿಲ್ಲ, ಒಡೆಯಿತು. "ಹನ್ನೊಂದು ವರ್ಷ. ದೇವರ ಮುಂದ, ಮಂದಿ ಮುಂದ ನನ್ನ ಮಳ್ಳನ್ನ ಮಾಡಿ ಕುಂದ್ರಿಸಿದಿ."

ಹೇಳಿದ್ದರೆ ಅವನು ಏನೆನ್ನುತ್ತಿದ್ದ ಎಂಬುದು ಅವಳಿಗೆ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ಆದರೂ ಬಾಯಿಗೆ ಬಂದ ಒಂದೇ ಆಸರೆಯನ್ನು ಹಿಡಿದಳು. "ನಿಮ್ಮವ್ವಗ ಗೊತ್ತಿತ್ರಿ. ಯಾವತ್ತೋ ಹೇಳೀನಿ ನಾನು. ಚಲೋ ಮಾಡೀದಿ ಅಂದಾರ ಅವರು."

"ಹಂಗಂತ ಆಕಿ ಹೇಳಲಿ," ಎಂದು ಅವನು ಅಂಗಡಿಗೆ ವಾಪಸು ಹೋದ. ಅಂದಿನಿಂದ ಊಟ ನಿದ್ದೆ ಎರಡೂ ಅಲ್ಲಿಯೇ.

ಗಜೇಂದ್ರಗಡದಿಂದ ಅವನ ಅಕ್ಕ ನಾಗರತ್ನಾಳ ಫೋನು ಬರತೊಡಗಿತು. ಶಿರೋಳದಲ್ಲಿದ್ದ ಮುದುಕವ್ವನ ತಮ್ಮ ಸಿದ್ದಲಿಂಗ, ಮನೆಯ ಹಿರಿಯನೆಂದರೆ ಈಗ ಅವನೇ, ರವಿವಾರ ಬಂದು ಇತ್ಯರ್ಥ ಮಾಡುವುದೆಂದು ಗೊತ್ತಾಯಿತು. ಇತ್ಯರ್ಥವೇನೆಂಬುದೂ ಮೊದಲೇ ಓಣಿಗೆ ತಿಳಿದಿತ್ತು. ನಿರ್ಮಲಾ ನರಗುಂದಕ್ಕೆ, ಅಣ್ಣನ ಮನೆಗೆ. ಪೂರ್ಣಿ ಇಲ್ಲೇ, ಅಪ್ಪನ ಹತ್ತಿರ. ಆಮೇಲೆ ಮುಂದಿನದು ಮುಂದೆ. ಆ ಮುಂದಿನದಕ್ಕೆ ನಾಗರತ್ನಾ ಗಜೇಂದ್ರಗಡದಲ್ಲಿ ಒಂದು ಹುಡುಗಿಯನ್ನೂ ನೋಡಿಟ್ಟಿದ್ದಳು.

ಇಷ್ಟೆಲ್ಲದರ ನಡುವೆಯೂ ಬೆಳಿಗ್ಗೆ ಆ ಟಕ್ ನಿಲ್ಲಲಿಲ್ಲ. ಅತ್ತೆಯ ಮುಖ ಸೊಸೆಯ ಮುಖದಿಂದ ಒಂದು ಗೇಣಿನಷ್ಟು ದೂರ. ಮುದುಕಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಒಂದು ದಿನ ನಿರ್ಮಲಾಳ ಹೆಬ್ಬೆರಳು ಬೇಕೆಂದೇ ಹೆಚ್ಚು ಒತ್ತಿದವು. ಮುದುಕಿ ಮುಲುಗಿದಳು. ನಿರ್ಮಲಾಳಿಗೆ ತನ್ನ ಕೈಯ ಮೇಲೆ ತನಗೇ ಹೇಸಿಕೆಯಾಯಿತು.

"ತಪ್ಪಾತ್ರಿ," ಎಂದಳು. ಹಾಗೆಯೇ ಕೆಳಗೆ ಕುಳಿತಳು. "ಅತ್ಯಾರ, ಶಿರೋಳದ ಮಾವಾರು ಬಂದಾಗ ಒಂದ ಮಾತು ಹೇಳ್ರಿ. ನನಗ ಮೊದಲ ಗೊತ್ತಿತ್ತು, ನಾನ ಸುಮ್ಮನಿರು ಅಂದಿದ್ದೆ ಅನ್ರಿ. ಅಷ್ಟಂದ್ರ ಮೋಸ ಅನ್ನೂದು ಹೋಗ್ತೈತಿ. ನನ್ನ ಸಂಬಂಧ ಬ್ಯಾಡ. ಪೂರ್ಣಿ ಸಂಬಂಧ."

ಮುದುಕವ್ವ ತನ್ನ ಸೊಟ್ಟ ಬೆರಳು ನೋಡಿಕೊಂಡಳು. "ಹಂಗಂದ್ರ ಅನಿಲ ನನ್ನ ಮಾರಿ ನೋಡೂದಿಲ್ಲವ್ವ," ಎಂದಳು. "ರತ್ನಾ ನನ್ನ ಬಿಡ್ತಾಳೇನ? ಈ ವಯಸ್ಸಿನ್ಯಾಗ ಎಲ್ಲಿಗೆ ಹೋಗ್ಲಿ?" ಸೆರಗಿನಿಂದ ಬಾಯಿ ಒರೆಸಿಕೊಂಡು, "ನೋಡೂಣು," ಎಂದಳು. ಆ ನೋಡೂಣು ಎಂಬುದಕ್ಕೆ ನಿರ್ಮಲಾ ನಾಲ್ಕು ದಿನ ಜೋತುಬಿದ್ದಳು.

ರವಿವಾರ ಬೆಳಿಗ್ಗೆ ನಿರ್ಮಲಾ ಸೆಟ್ಟಿನ ಬಟ್ಟಲು ಹಿಡಿದು ಬಂದಾಗ ಮುದುಕವ್ವ ಬಾಯಿ ತೆರೆಯಲಿಲ್ಲ. ಒಸಡು ನೋಯುತ್ತದೆ ಎಂದು ಕೈಸನ್ನೆ ಮಾಡಿದಳು. ನಿರ್ಮಲಾ ಬಟ್ಟಲನ್ನು ದೇವರ ಗೂಡಿನ ಪಕ್ಕಕ್ಕಿಟ್ಟು ಅಡಿಗೆಗೆ ಹೋದಳು. ಮನೆಗೆ ಬಂದವರು ಏನು ಮಾಡಲು ಬಂದಿದ್ದರೂ ಉಣ್ಣದೇ ಹೋಗಬಾರದು.

ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಸಿದ್ದಲಿಂಗ ಗೋಡೆಗೆ ಒರಗಿ ಕುಳಿತಿದ್ದ, ಅವನ ಪಕ್ಕಕ್ಕೆ ಅನಿಲಕುಮಾರ, ಎದುರಿಗೆ ನಾಗರತ್ನಾ. ಮುದುಕವ್ವ ಕಂಬದ ಮರೆಗೆ ಸೆರಗು ಬಾಯಿಗೆ ಹಿಡಿದು ಕುಳಿತಳು. ನಿರ್ಮಲಾ ಅಡಿಗೆಮನೆಯ ಬಾಗಿಲಲ್ಲಿ ನಿಂತಳು. ಪೂರ್ಣಿಯನ್ನು ಗ್ಯಾನಪ್ಪನ ಮನೆಗೆ ಕಳಿಸಿದ್ದರು.

ಸಿದ್ದಲಿಂಗ ಕೆಟ್ಟ ಮನುಷ್ಯನಲ್ಲ. ಎಲ್ಲರ ಮಾತೂ ಕೇಳಿದ. ಜೀವ ಉಳಿಸಿಕೊಂಡದ್ದು ತಪ್ಪಲ್ಲ, ಮುಚ್ಚಿಟ್ಟದ್ದು ತಪ್ಪು ಎಂದ. ಆಮೇಲೆ ಅಕ್ಕನ ಕಡೆ ತಿರುಗಿದ.

"ಅಕ್ಕಾ, ಈ ಹುಡುಗಿ ಅಂತೈತಿ, ನಿನಗ ಯಾವತ್ತೋ ಗೊತ್ತಿತ್ತಂತ. ನೀನ ಸುಮ್ಮನಿರು ಅಂದಿಯಂತ. ಹಿರೇರಿಗೆ ಹೇಳ್ಯಾಳ ಅಂದ ಮ್ಯಾಲ ಮೋಸ ಅನ್ನಾಕ ಬರೂದಿಲ್ಲ. ಹೌದೇನು?"

ಮುದುಕವ್ವ ಸೆರಗಿನ ಹಿಂದೆ ಏನೋ ಅಂದಳು. ಅದೇ ಹಳೆಯ ದನಿ, ಒಳಗೊಳಗೇ ನುಂಗಿದ ದನಿ. ಸಿದ್ದಲಿಂಗನಿಗೆ ತಿಳಿಯಲಿಲ್ಲ, ಮಗನಿಗೆ ತಿಳಿಯಲಿಲ್ಲ, ಮಗಳಿಗೂ ತಿಳಿಯಲಿಲ್ಲ.

ನಿರ್ಮಲಾಳಿಗೆ ತಿಳಿಯಿತು. "ಗೊತ್ತಿತ್ತಪ್ಪ, ನಾನ ಅಂದಿದ್ದೆ," ಎಂದಿದ್ದಳು ಮುದುಕಿ.

"ಏನಂದಿ ಯವ್ವಾ?" ಎಂದ ಅನಿಲಕುಮಾರ.

ಮುದುಕವ್ವ ಸೆರಗನ್ನು ಇನ್ನಷ್ಟು ಬಿಗಿಯಾಗಿ ಬಾಯಿಗೆ ಒತ್ತಿಕೊಂಡಳು.

"ಗೊತ್ತಿತ್ತು ಅಂದ್ರು," ಎಂದು ನಿರ್ಮಲಾ ಬಾಗಿಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು. "ನಾನ ಅಂದಿದ್ದೆ ಅಂದ್ರು. ದೇವರಾಣೆ, ಹಂಗ ಅಂದ್ರಿ ಮಾವಾರ."

"ಆಹಾ! ತನ್ನ ಕೇಸಿಗೆ ತಾನ ಸಾಕ್ಷಿ," ಎಂದು ನಾಗರತ್ನಾ ನಕ್ಕಳು. "ಆಕಿ ಅನ್ನೂದು ನಿನಗೊಬ್ಬಾಕಿಗೆ ತಿಳೀತೈತಿ, ಹಡದ ಮಗಳಿಗೆ ತಿಳೀದಿಲ್ಲ?"

"ಸೆಟ್ಟು ಎಲ್ಲೈತಿ?" ಎಂದ ಅನಿಲಕುಮಾರ. ಅವನ ದನಿಯಲ್ಲಿ ಒಂದಿಷ್ಟು ಆಸೆ ಇತ್ತೆಂದೇ ನಿರ್ಮಲಾಳಿಗೆ ಅನ್ನಿಸಿತು. ಅವನಿಗೂ ಹೊರಬರಲು ಒಂದು ದಾರಿ ಬೇಕಾಗಿತ್ತೇನೋ. "ಹಾಕು. ಎಲ್ಲಾರೂ ಕೇಳೂ ಹಂಗ ಹೇಳಲಿ."

ನಿರ್ಮಲಾ ಓಡಿಹೋಗಿ ಬಟ್ಟಲು ತಂದಳು. ಕಂಬದ ಪಕ್ಕಕ್ಕೆ ಮೊಣಕಾಲೂರಿ ಕುಳಿತು ಸೆಟ್ಟನ್ನು ಎತ್ತಿ ನೀರು ಝಾಡಿಸಿದಳು. "ಬಾಯಿ ತಗೀರಿ ಅತ್ಯಾರ," ಎಂದಳು. ಮುದುಕವ್ವನ ತುಟಿ ಬಿಗಿದುಕೊಂಡವು. "ಇದೊಂದು ಸಲ ತಗೀರಿ. ನಿಮ್ಮ ಕಾಲು ಹಿಡೀತೀನಿ." ಮುದುಕಿ ಮುಖ ಆ ಕಡೆ ತಿರುಗಿಸಿದಳು, ನಿರ್ಮಲಾ ಆ ಕಡೆ ಸರಿದಳು. ಈ ಕಡೆ ತಿರುಗಿಸಿದಳು, ಈ ಕಡೆ ಸರಿದಳು. ಇಷ್ಟು ದಿನ ಆ ಬಾಯಿ ಮುಚ್ಚಿದರೆ ಸಾಕು ಎಂದಿದ್ದವಳು ಈಗ ಅದು ತೆರೆದರೆ ಸಾಕೆಂದು ಬೇಡುತ್ತಿದ್ದಳು. ಕೈ ತನಗರಿವಿಲ್ಲದೆ ಗದ್ದ ಹಿಡಿಯಿತು, ಹೆಬ್ಬೆರಳು ತುಟಿಯ ನಡುವೆ ತೂರಲು ಹೋಯಿತು. ಮುದುಕವ್ವನ ಕಣ್ಣಿಂದ ನೀರು ಇಳಿಯಿತು, ಬಾಯಿ ಮಾತ್ರ ಬಿಡಲಿಲ್ಲ.

"ನೋಡ್ರಿ! ನೋಡ್ರಿ ಮಾವ!" ಎಂದು ನಾಗರತ್ನಾ ಎದ್ದುಬಂದು ನಿರ್ಮಲಾಳ ಕೈ ಕಿತ್ತು ಸರಿಸಿದಳು. "ನಮ್ಮ ಮುಂದ ಹಿಂಗ ಗದ್ದ ಹಿಡೀತಾಳ. ಹಿಂದ ಏನೇನ ಮಾಡ್ತಿದ್ದಾಳು! ಅಳಾಕತ್ತಾಳ ನಮ್ಮವ್ವ!"

ಅನಿಲಕುಮಾರ ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತ. ಸಿದ್ದಲಿಂಗ ಜಮಖಾನೆಯ ಅಂಚನ್ನು ಸರಿಮಾಡಿದ. ಕೊನೆಗೆ, "ಸದ್ಯಾಕ ನರಗುಂದಕ್ಕ ಹೋಗಿರವ್ವ," ಎಂದ. "ಹುಡುಗಿ ಸಾಲಿ ತಪ್ಪಸೂದು ಬ್ಯಾಡ. ಇಲ್ಲೇ ಇರಲಿ. ಮುಂದಿಂದು ಮುಂದ."

ನಿರ್ಮಲಾ ಸೆಟ್ಟನ್ನು ಮತ್ತೆ ಬಟ್ಟಲಿನ ನೀರಿಗೆ ಹಾಕಿದಳು.

ತಟ್ಟೆ ಹಾಕಿದ್ದೂ ಅವಳೇ, ಬಡಿಸಿದ್ದೂ ಅವಳೇ. ಖಡಕ್ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾ ಚಟ್ನಿ, ಮೊಸರು. ಗಂಡಸರು ತಲೆ ಎತ್ತದೆ ಉಂಡು ಅಂಗಡಿಗೆ ಹೋದರು. ನಾಗರತ್ನಾ ಉಂಡು ಕೋಣೆಯಲ್ಲಿ ಅಡ್ಡಾದಳು. ನಿರ್ಮಲಾ ಎರಡು ಸೀರೆ, ಎರಡು ಕುಪ್ಪಸ ಚೀಲಕ್ಕೆ ಹಾಕಿ ಬಾಗಿಲ ಬಳಿ ಇಟ್ಟಳು. ಪೂರ್ಣಿ ಗ್ಯಾನಪ್ಪನ ಮನೆಯಿಂದ ಬಂದವಳು ಚೀಲ ನೋಡಿದಳು, ತಾಯಿಯ ಮುಖ ನೋಡಿದಳು.

"ಎಲ್ಲಿಗೆ ಮಮ್ಮಿ?"

"ಮಾಮಾನ ಮನಿಗೆ."

"ನಾನೂ?"

"ನಿಂದು ಸಾಲಿ ಐತೆಲ್ಲ."

ಮುದುಕವ್ವ ತನ್ನ ತಟ್ಟೆಯ ಮುಂದೆ ಹಾಗೇ ಕುಳಿತಿದ್ದಳು. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಖಡಕ್ ರೊಟ್ಟಿಯನ್ನು ಒಮ್ಮೆ, ಬಟ್ಟಲನ್ನು ಒಮ್ಮೆ ನೋಡುತ್ತಿದ್ದಳು. ನಿರ್ಮಲಾ ಅದನ್ನು ನೋಡದಂತೆ ಮಾಡಿ ಹೊರಟುಬಿಡಬಹುದಾಗಿತ್ತು. ಹಾಗೆಂದು ಒಂದು ಗಳಿಗೆ ಅಂದುಕೊಂಡಳು ಕೂಡ. ಆದರೆ ಮೂರು ವರ್ಷ ಉಣಿಸಿದ ಕೈ ಅದು.

"ಪೂರ್ಣಿ, ಕೈ ತೊಳಕೊಂಡು ಬಾ ಇಲ್ಲೆ."

ಹುಡುಗಿ ಬಂದು ಅಜ್ಜಿಯ ಮುಂದೆ ಕುಳಿತಳು. ಮುದುಕವ್ವ ಈಗ ಯಾರೂ ಹೇಳುವ ಮೊದಲೇ ಬಾಯಿ ಅಗಲಿಸಿ ತೆರೆದಳು, ಕಣ್ಣು ಮುಚ್ಚಿಕೊಂಡಳು. ಕೆಳಗಿನ ಕೆಂಪು ಒಸಡಿನಲ್ಲಿ ಎರಡು ತಿರುಪಿನ ತಲೆ ಹೊಳೆಯುತ್ತಿದ್ದವು. ನಿರ್ಮಲಾ ಮಗಳ ಪುಟ್ಟ ಹೆಬ್ಬೆರಳುಗಳನ್ನು ಹಿಡಿದು ಎಡಬಲಕ್ಕೆ ಇಟ್ಟಳು.

"ಎರಡೂ ಕಡೆ ಸಮ ಒತ್ತಬೇಕು. ಒಂದು ಕಡೆ ಹೆಚ್ಚಾದ್ರ ಆಯಿಗೆ ನೋಯ್ತೈತಿ. ಒತ್ತು."

ಟಕ್ ಎಂದಿತು.

"ಹಿಂಗಾ ಮಮ್ಮಿ?"

"ಹೂಂ. ರಾತ್ರಿ ತಗದು, ತೊಳದು, ನೀರಾಗ ಇಡು. ವರ್ಷಕ್ಕೊಮ್ಮಿ ಒಳಗಿನ ರಬ್ಬರ ಬದಲಿ ಮಾಡಬೇಕು. ಡಾಕ್ಟರ ಕಡೆ ಕರಕೊಂಡು ಹೋಗಂತ ಪಪ್ಪಾಗ ನೆನಪ ಮಾಡು."

ಹೇಳಿ ಮುಗಿಸಿದ ಮೇಲೆ ತಾನು ವರ್ಷಗಳ ಮಾತು ಆಡಿಬಿಟ್ಟೆನೆಂದು ಅವಳಿಗೆ ತಿಳಿಯಿತು. ಮಗಳ ತಲೆಯನ್ನು ಎದೆಗೆ ಒತ್ತಿಕೊಂಡಳು, ಬಿಟ್ಟಳು. ನರಗುಂದದ ಬಸ್ಸಿಗೆ ಹೊತ್ತಾಗಿತ್ತು. ಚೀಲ ಎತ್ತಿಕೊಂಡು ಹೊರಗೆ ಬಂದು ಚಪ್ಪಲಿ ಹುಡುಕಿದಳು. ಎದುರು ಕಟ್ಟೆಯ ಮೇಲೆ ವೀರವ್ವ ಮಾತು ನಿಲ್ಲಿಸಿ ಇತ್ತ ನೋಡುತ್ತಿದ್ದಳು.

ಒಳಗಿನಿಂದ ಪೂರ್ಣಿಯ ದನಿ ಕೇಳಿಸಿತು. "ಆಯಿ, ನೋವಾತೇನ?"

"ಇಲ್ಲವ್ವ," ಎಂದಳು ಮುದುಕವ್ವ. ಪಡಸಾಲೆ ದಾಟಿ, ತಲಬಾಗಿಲು ದಾಟಿ ಆ ಮಾತು ಒಂದಕ್ಷರವೂ ಮುಕ್ಕಾಗದೆ ಓಣಿಗೆ ಬಂತು. "ಭಾಳ ಚಲೋ ಕುಂತೈತಿ."

ಒಂದು ಚಪ್ಪಲಿ ಸಿಕ್ಕಿತು. ಇನ್ನೊಂದು ಕಟ್ಟೆಯ ಕೆಳಗೆ ಮಗುಚಿ ಬಿದ್ದಿತ್ತು. ನಿರ್ಮಲಾ ಅದನ್ನು ಕಾಲಿನಿಂದ ಸರಿಮಾಡಿಕೊಳ್ಳುತ್ತಿರುವಾಗ ಒಳಗೆ ರೊಟ್ಟಿ ಕಟಂ ಎಂದು ಮುರಿಯಿತು.